ಊರಿನ ಹೆಸರು ಎಲ್ಲರದು, ಪ್ಯಾಕೆಟ್ಟಿನ ಹೆಸರು ಯಾರದು?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ‘ದಾವಣಗೆರೆ ಬೆಣ್ಣೆದೋಸೆ’ ಬೋರ್ಡು ಕಣ್ಣಿಗೆ ಬೀಳುತ್ತದೆ. ಹಂಚಿನ ಮುಂದೆ ನಿಂತವರು ದಾವಣಗೆರೆಯನ್ನು ಕಂಡಿರಲೇಬೇಕೆಂದೇನಿಲ್ಲ. ಇದನ್ನು ನೋಡಿ ನಮ್ಮೂರಿನವರಿಗೆ ಸಿಟ್ಟು ಬರುತ್ತದೆ. ಆದರೆ ಕೇಸು ಹಾಕುವವರು ಯಾರು? 1928ರ ಹೊತ್ತಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮನವರು ರಾಗಿ ದೋಸೆ ಹುಯ್ಯುತ್ತಿದ್ದರು, ಮುಂದೆ ಅದೇ ಬೆಣ್ಣೆದೋಸೆಯಾಯಿತು ಎಂಬ ಕತೆ ಊರಲ್ಲಿದೆ. ಆ ಮನೆತನದವರೇ ಬಂದರೂ ‘ದಾವಣಗೆರೆ’ ನಮ್ಮದು ಎನ್ನಲಾಗದು. ಸರಕು ಎಲ್ಲಿಯದು, ಎಂಥದು ಎಂದಷ್ಟೇ ಹೇಳುವ ಪದಗಳನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಸಾಮಾನ್ಯವಾಗಿ ನೋಂದಣಿಗೆ ಬಿಡುವುದಿಲ್ಲ. ದಾವಣಗೆರೆ ಊರು, ಬೆಣ್ಣೆ ಗುಣ, ದೋಸೆ ಸರಕು. ಮೂರನ್ನು ಕೂಡಿಸಿದರೂ ಒಬ್ಬರ ಆಸ್ತಿಯಾಗುವಂಥದ್ದು ಅದರಲ್ಲಿ ಏನೂ ಉಳಿಯುವುದಿಲ್ಲ.

ಪೇಡ, ಮೆಣಸಿನಕಾಯಿಗಳಿಗೆ ಭೌಗೋಳಿಕ ಸೂಚಕದ ದಾರಿಯಿದೆ. ಧಾರವಾಡ ಪೇಡಕ್ಕೆ ಸಿಕ್ಕಿದೆ, ಪಕ್ಕದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕಿತು. ಅದು ಆ ಸೀಮೆಯ ಬೆಳೆಗಾರರ, ತಯಾರಕರ ಸಾಮೂಹಿಕ ಹಕ್ಕು. ನಿಮ್ಮ ಪ್ಯಾಕೆಟ್ಟಿಗೂ ಪಕ್ಕದ ಅಂಗಡಿಯ ಪ್ಯಾಕೆಟ್ಟಿಗೂ ವ್ಯತ್ಯಾಸ ತೋರಿಸುವ ಕೆಲಸ ಅದರದಲ್ಲ.

ದೋಸೆ ಹಡಗು ಹತ್ತುವುದಿಲ್ಲ. ಖಾರ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಹತ್ತುತ್ತವೆ. ದುಬೈಗೆ ಮೊದಲ ಕಂಟೇನರ್ ಕಳಿಸುವ ವ್ಯಾಪಾರಿ ಆಹಾರ ಪರವಾನಗಿ, ಲೇಬಲ್, ಬ್ಯಾಂಕ್ ಕಾಗದ ಎಲ್ಲವನ್ನೂ ಎರಡೆರಡು ಸಲ ನೋಡುತ್ತಾನೆ. ಹೆಸರಿನ ಬಗ್ಗೆ ಕೇಳಿದರೆ ‘ಚೆನ್ನೈ ಕಚೇರಿಯಲ್ಲಿ ರಿಜಿಸ್ಟರ್ ಆಗಿದೆಯಲ್ರೀ’ ಎನ್ನುತ್ತಾನೆ. ಕರ್ನಾಟಕದ ಅರ್ಜಿಗಳು ಚೆನ್ನೈ ಶಾಖೆಯ ವ್ಯಾಪ್ತಿಗೆ ಬರುವುದು ನಿಜ. ಆದರೆ ಆ ನೋಂದಣಿಯ ಬಲ ದೇಶದ ಗಡಿಗೇ ಮುಗಿಯಿತು.

ಅಲ್ಲಿಂದಾಚೆ ಕಾಯುತ್ತಿರುವವರು ಕಳ್ಳರೇ ಆಗಬೇಕಿಲ್ಲ. ಹೆಚ್ಚಿನ ಸಲ ಅದು ನಮ್ಮದೇ ವಿತರಕ. ‘ಇಲ್ಲಿ ಹೆಸರು ನೋಂದಾಯಿಸದೆ ಮಾರಲು ತೊಂದರೆ, ನಾನೇ ಮಾಡಿಸಿಬಿಡುತ್ತೇನೆ’ ಎನ್ನುತ್ತಾನೆ. ನಮ್ಮವರು ಉಪಕಾರವೆಂದುಕೊಂಡು ಹ್ಞೂಂ ಎನ್ನುತ್ತಾರೆ. ಎರಡು ವರ್ಷದ ಮೇಲೆ ದರದ ವಿಷಯಕ್ಕೆ ಮನಸ್ತಾಪವಾಗಿ ಬೇರೆ ವಿತರಕನನ್ನು ಹಿಡಿಯಲು ಹೊರಟರೆ, ಆ ದೇಶದ ದಾಖಲೆಯಲ್ಲಿ ಬ್ರ್ಯಾಂಡಿನ ಒಡೆಯ ಹಳೆಯವನೇ. ಏಜೆಂಟ್ ಹೀಗೆ ಮಾಡಿದರೆ ಪ್ರಶ್ನಿಸಲು ಟ್ರೇಡ್‌ಮಾರ್ಕ್, ಪೇಟೆಂಟ್‌ಗಳ ಕುರಿತ ಪ್ಯಾರಿಸ್ ಒಪ್ಪಂದದಲ್ಲಿ ಅವಕಾಶವಿದೆ. ಆದರೆ ‘ಮಾಡಿಸಿಬಿಡಿ’ ಎಂದು ತಾನೇ ವಾಟ್ಸ್ಆ್ಯಪ್‌ನಲ್ಲಿ ಬರೆದುಕೊಟ್ಟವನು ಯಾವ ಮುಖದಲ್ಲಿ ಪ್ರಶ್ನಿಸುತ್ತಾನೆ? ಚೀನಾದಂಥ ದೇಶಗಳಲ್ಲಿ ಮೊದಲು ಅರ್ಜಿ ಹಾಕಿದವರದೇ ಮೇಲುಗೈ. ನಿಮ್ಮ ಅಜ್ಜನ ಕಾಲದ ಬಿಲ್ಲು ಅಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು.

ಹೆಸರನ್ನು ಕಾಯುವ ಪಾಠಕ್ಕೆ ದೂರ ಹೋಗಬೇಕಿಲ್ಲ, ಹರಿಹರವಿದೆ. 1941ರಲ್ಲಿ ತುಂಗಭದ್ರೆಯ ದಂಡೆಯಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ದೇಶದ ವರ್ಕ್‌ಶಾಪುಗಳಲ್ಲೆಲ್ಲ ತಿರುಗಿದವು. ಕಾರ್ಖಾನೆ ಮುಚ್ಚಿತು, ಸಾವಿರಾರು ಮನೆಗಳಿಗೆ ಅದರ ಪೆಟ್ಟು ಬಿತ್ತು. ಹೆಸರು ಮಾತ್ರ ಬೀದಿಗೆ ಬೀಳಲಿಲ್ಲ. ಕಿರ್ಲೋಸ್ಕರ್ ಗುಂಪು ಟ್ರೇಡ್‌ಮಾರ್ಕುಗಳನ್ನು ಇಟ್ಟುಕೊಳ್ಳಲೆಂದೇ ‘ಕಿರ್ಲೋಸ್ಕರ್ ಪ್ರೊಪ್ರೈಟರಿ’ ಎಂಬ ಬೇರೆ ಕಂಪನಿ ಮಾಡಿತ್ತು. ಉಳಿದ ಕಂಪನಿಗಳು ಅದರ ಪರವಾನಗಿಯ ಮೇಲೆ ಹೆಸರು ಬಳಸುತ್ತಿದ್ದವು. ಗುಂಪಿಗೆ ಸೇರದ ಕಂಪನಿಯೊಂದು ಅದೇ ಹೆಸರಿಟ್ಟುಕೊಂಡಾಗ 1995ರಲ್ಲಿ ಬಾಂಬೆ ಹೈಕೋರ್ಟ್ ತಡೆಯಿತು. ಮನುಷ್ಯನಿಗೆ ಉಪನಾಮ ಹುಟ್ಟಿನಿಂದ ಬರುತ್ತದೆ, ಕಂಪನಿಗೆ ಹೆಸರನ್ನು ಆರಿಸಿ ಇಡುತ್ತಾರೆ, ಹಾಗಾಗಿ ‘ಸ್ವಂತ ಹೆಸರು’ ಎಂಬ ರಕ್ಷಣೆ ಕಂಪನಿಗೆ ಸಿಗದು ಎಂಬುದು ಅದರ ತರ್ಕ. ಮಂಡಕ್ಕಿ ಬಟ್ಟಿಯವರಿಗೆ ಇಷ್ಟು ದೊಡ್ಡ ಏರ್ಪಾಡು ಬೇಡ. ಆದರೆ ಹೆಸರು ಅಣ್ಣನದೋ, ತಮ್ಮನದೋ, ಪಾಲುದಾರಿಕೆ ಫರ್ಮಿನದೋ ಎಂಬುದು ಕಂಟೇನರ್ ಹೊರಡುವ ಮೊದಲು ಮನೆಯಲ್ಲಿ ಇತ್ಯರ್ಥವಾಗಿರಬೇಕು.

ಖರ್ಚಿನ ಮಾತು. ಇಲ್ಲಿ ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು, ಸಣ್ಣ ಉದ್ಯಮಗಳು ಒಂದು ವರ್ಗಕ್ಕೆ ಕಟ್ಟಬೇಕಾದದ್ದು 4,500 ರೂಪಾಯಿ. ವರ್ಗ ಎಂಬಲ್ಲೇ ಹಲವರು ಎಡವುತ್ತಾರೆ: ಚಟ್ನಿಪುಡಿ 30ನೇ ವರ್ಗ, ಉಪ್ಪಿನಕಾಯಿ, ತುಪ್ಪ 29, ಹೋಟೆಲ್ 43. ಒಂದು ಸರಕಿಗೆ ಪಡೆದ ಹೆಸರು ಇನ್ನೊಂದನ್ನು ಕಾಯದಿರಬಹುದು: ‘ನಂದಿನಿ’ ಹಾಲಿನ ಕೆಎಂಎಫ್‌ಗೂ ‘ನಂದಿನಿ ಡಿಲಕ್ಸ್’ ಹೋಟೆಲಿಗೂ ನಡೆದ ಜಗಳದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ನಿಂತದ್ದು ನೆನಪಿರಬಹುದು.

ಇಲ್ಲಿ ಅರ್ಜಿ ಹಾಕಿ ಆರು ತಿಂಗಳೊಳಗೆ ಹೊರದೇಶದಲ್ಲಿ ಹಾಕಿದರೆ ಅಲ್ಲೂ ಇಲ್ಲಿನ ತಾರೀಖೇ ಲೆಕ್ಕಕ್ಕೆ ಬರುತ್ತದೆ. 2013ರ ಜುಲೈ 8ರಿಂದ ಭಾರತ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿದೆ. ಒಂದೇ ಅರ್ಜಿಯಲ್ಲಿ ಹಲವು ದೇಶಗಳನ್ನು ಕೇಳಬಹುದು. ಅಮೆರಿಕ ಅದರಲ್ಲಿದೆ, 2021ರ ಕೊನೆಯಲ್ಲಿ ಯುಎಇ ಕೂಡ ಸೇರಿತು. ಕಪ್ಪು-ಬಿಳುಪು ಲೋಗೊಗೆ ಮೂಲ ಶುಲ್ಕ 653 ಸ್ವಿಸ್ ಫ್ರಾಂಕ್, ದೇಶವಾರು ಶುಲ್ಕ ಬೇರೆ. ಇದರಲ್ಲಿ ಒಂದು ತೊಡಕಿದೆ. ಮೊದಲ ಐದು ವರ್ಷ ಈ ಅಂತರರಾಷ್ಟ್ರೀಯ ನೋಂದಣಿ ಭಾರತದ ಮೂಲ ಅರ್ಜಿಯನ್ನೇ ನೆಚ್ಚಿಕೊಂಡಿರುತ್ತದೆ. ಇಲ್ಲಿ ಅದು ಬಿದ್ದರೆ ಅಲ್ಲೂ ಬೀಳುತ್ತದೆ. ‘ದಾವಣಗೆರೆ ಸ್ಪೆಷಲ್’ನಂಥ ಪೊಳ್ಳು ಹೆಸರು ಹಿಡಿದು ಹೊರಟವರಿಗೆ ಇದು ದುಬಾರಿಯಾದೀತು.

ನೋಂದಾಯಿಸಿ ಸುಮ್ಮನೆ ಕೂತರೂ ಉಳಿಯದು. ಐಟಿಸಿ ತನ್ನ ‘ಬುಖಾರಾ’ ರೆಸ್ಟೋರೆಂಟಿನ ಹೆಸರನ್ನು 1987ರಲ್ಲಿ ಅಮೆರಿಕದಲ್ಲಿ ನೋಂದಾಯಿಸಿತ್ತು. ನ್ಯೂಯಾರ್ಕಿನ ಶಾಖೆ 1991ರಲ್ಲಿ ಮುಚ್ಚಿತು, ಷಿಕಾಗೊ ಶಾಖೆಯ ಫ್ರಾಂಚೈಸಿ 1997ರಲ್ಲಿ ರದ್ದಾಯಿತು. ಆಮೇಲೆ ನ್ಯೂಯಾರ್ಕಿನಲ್ಲಿ ಬೇರೆಯವರು ‘ಬುಖಾರಾ ಗ್ರಿಲ್’ ತೆರೆದರು. ಐಟಿಸಿ ದಾವೆ ಹೂಡಿ 2007ರಲ್ಲಿ ಮೇಲ್ಮನವಿಯಲ್ಲೂ ಸೋತಿತು: ಅಲ್ಲಿ ಸತತ ಮೂರು ವರ್ಷ ಬಳಸದಿದ್ದರೆ ಹೆಸರನ್ನು ಕೈಬಿಟ್ಟಂತೆ ಎಂದು ಕಾನೂನು ಊಹಿಸುತ್ತದೆ. ಹೊರದೇಶಕ್ಕೆ ಹೋದ ಪ್ರತಿ ಕಂಟೇನರಿನ ಇನ್‌ವಾಯ್ಸ್, ಅಲ್ಲಿನ ಅಂಗಡಿಯ ಬಿಲ್ಲು, ತಾರೀಖಿರುವ ಪ್ಯಾಕೆಟ್ಟಿನ ಫೋಟೊ ಇವನ್ನು ಜಿಎಸ್‌ಟಿ ಕಡತದ ಪಕ್ಕದಲ್ಲೇ ಜೋಡಿಸಿಡಬೇಕಾದದ್ದು ಇದಕ್ಕೇ.