26ನೇ ಹುಟ್ಟುಹಬ್ಬದ ಲೆಕ್ಕಾಚಾರ

ಅಮೆರಿಕದಲ್ಲಿ 18ಕ್ಕೆ ಮತದಾನದ ಹಕ್ಕು ಬರುತ್ತದೆ, 21ಕ್ಕೆ ಮದ್ಯ ಕೊಳ್ಳುವ ಹಕ್ಕು. 26ಕ್ಕೆ ಬರುವುದೇನೂ ಇಲ್ಲ, ಇದ್ದದ್ದೊಂದು ಹೋಗುತ್ತದೆ: ಅಪ್ಪ ಅಮ್ಮನ ಆರೋಗ್ಯ ವಿಮೆಯಲ್ಲಿ ಮಕ್ಕಳಿಗಿದ್ದ ಜಾಗ. ಆ ದೇಶದ ಯುವಜನರಿಗೆ ಆರೋಗ್ಯ ವ್ಯವಸ್ಥೆಯ ಸುಧಾರಣೆಯ ಗೊಡವೆ ಏಕೆ ಎಂದು ಕೇಳುವವರು ಈ ಹುಟ್ಟುಹಬ್ಬದಿಂದಲೇ ಶುರು ಮಾಡಬೇಕು.

26ರ ಗಡಿ ಬಂದದ್ದು 2010ರಲ್ಲಿ. ಆ ವರ್ಷದ ಮಾರ್ಚ್ 23ರಂದು ಬರಾಕ್ ಒಬಾಮ ಸಹಿ ಹಾಕಿದ, ಜನರ ಬಾಯಲ್ಲಿ ಒಬಾಮಕೇರ್ ಆದ ಕಾನೂನಿನ ಒಂದು ಕಲಮು ಅದು. ಅದಕ್ಕೆ ಮೊದಲು ಬಹುತೇಕ ಪಾಲಿಸಿಗಳು 19 ತುಂಬಿದವರನ್ನು ಕೈಬಿಡುತ್ತಿದ್ದವು. ಕಾಲೇಜಿನಲ್ಲಿದ್ದರೆ ಪದವಿ ಮುಗಿಯುವವರೆಗೆ ತಾಳುತ್ತಿದ್ದವು. ಹೀಗಾಗಿ 2010ರಲ್ಲಿ 19ರಿಂದ 25ರೊಳಗಿನ ಮೂವರಲ್ಲಿ ಒಬ್ಬರಿಗೆ ವಿಮೆಯೇ ಇರಲಿಲ್ಲ. ಇಷ್ಟು ದುಃಸ್ಥಿತಿ ಬೇರಾವ ವಯೋಮಾನದವರಿಗೂ ಇರಲಿಲ್ಲ.

ವಿಮಾ ವ್ಯವಹಾರದವರು ಇದಕ್ಕೊಂದು ಸುಲಭ ವಿವರಣೆ ಇಟ್ಟುಕೊಂಡಿದ್ದರು. ಈ ಹುಡುಗರು ತಮ್ಮನ್ನು ಸೋಲಿಲ್ಲದ ಸರದಾರರೆಂದು ತಿಳಿದಿದ್ದಾರೆ, ಕಾಯಿಲೆ ತಮಗಲ್ಲ ಎಂಬ ಹುಮ್ಮಸ್ಸಿನಲ್ಲಿ ವಿಮೆ ಕೊಳ್ಳುವುದಿಲ್ಲ ಎಂಬುದು ಅವರ ವಾದ. ನನಗೆ ಇದು ಅರ್ಧ ಸತ್ಯವೂ ಅನ್ನಿಸುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಕೆಗೆ ತಡೆ ಹಾಕಿದಾಗ ಕಂಪನಿಗಳು ನೌಕರರನ್ನು ಸೆಳೆಯಲು ವಿಮೆ ಕೊಡತೊಡಗಿದವು. ತೆರಿಗೆ ವಿನಾಯಿತಿಯ ಬಲದಿಂದ ಆ ಪದ್ಧತಿ ಬೇರೂರಿತು. ಅಂದಿನಿಂದ ಅಲ್ಲಿ ಒಳ್ಳೆಯ ವಿಮೆ ಎಂದರೆ ಒಳ್ಳೆಯ ಕೆಲಸದ ಬಾಲ. 22ರ ಹುಡುಗ ಹಿಡಿಯುವ ಮೊದಲ ಕೆಲಸ ಹೋಟೆಲಿನದು, ಅಂಗಡಿಯದು, ಗುತ್ತಿಗೆಯದು. ಅದಕ್ಕೆ ಆ ಬಾಲ ಇರುವುದಿಲ್ಲ. ಕೆಲಸ ಕೊಟ್ಟವರು ವಿಮೆ ಮುಂದಿಟ್ಟಾಗ ಬಹುಪಾಲು ಯುವಕರು ಬೇಡವೆನ್ನುವುದಿಲ್ಲ. 26ರ ಕಲಮು ಜಾರಿಗೆ ಬಂದ ಮರುವರ್ಷವೇ ವಿಮೆ ಇಲ್ಲದ ಯುವಜನರ ಪ್ರಮಾಣ ಶೇ 28ರ ಆಸುಪಾಸಿಗೆ ಇಳಿಯಿತು. ಕೊರತೆ ಇದ್ದದ್ದು ಕಾಸಿನದು, ವಿವೇಕದ್ದಲ್ಲ.

ಯೌವನಕ್ಕೆ ಅದರದೇ ಕಾಯಿಲೆಗಳೂ ಇವೆ. ರಸ್ತೆ ಅಪಘಾತ, ಆಟದ ಮೈದಾನದ ಮೂಳೆಮುರಿತ, ಹೆರಿಗೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಕಾಣದ್ದು ಮನಸ್ಸಿನದು. ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24 ತುಂಬುವುದರೊಳಗೆ ಶುರುವಾಗಿರುತ್ತವೆ ಎಂದು ಅಮೆರಿಕದ ದೊಡ್ಡ ಸಮೀಕ್ಷೆಯೊಂದು 2005ರಲ್ಲಿ ತೋರಿಸಿತು. ಹಳೆಯ ವ್ಯವಸ್ಥೆ ಪಾಲಿಸಿ ಕಿತ್ತುಕೊಳ್ಳುತ್ತಿದ್ದುದು ಸರಿಯಾಗಿ ಆ ವಯಸ್ಸಿನಲ್ಲೇ.

ಟೈಪ್ 1 ಮಧುಮೇಹವೂ ಅನೇಕರನ್ನು ಎಳೆಯ ವಯಸ್ಸಿನಲ್ಲೇ ಹಿಡಿಯುವ ಕಾಯಿಲೆ. ಇಲ್ಲಿ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳು ಹಸಿದಿರುತ್ತವೆ. ಹಸಿವೆಗೆ ದೇಹ ಕೊಬ್ಬನ್ನು ಸುಡುತ್ತದೆ. ಅದರಿಂದ ಹುಟ್ಟುವ ಕೀಟೋನುಗಳು ರಕ್ತವನ್ನು ಆಮ್ಲವಾಗಿಸುತ್ತವೆ. ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. 2017ರಲ್ಲಿ ಮಿನ್ನೆಸೋಟ ರಾಜ್ಯದ ಯುವಕನೊಬ್ಬ 26 ತುಂಬಿ ತಾಯಿಯ ಪಾಲಿಸಿಯಿಂದ ಹೊರಬಿದ್ದ. ಕೆಲಸವಿತ್ತು, ಕೆಲಸದ ಜೊತೆ ವಿಮೆ ಇರಲಿಲ್ಲ. ಇನ್ಸುಲಿನ್ ಮತ್ತು ಸಲಕರಣೆಗಳಿಗೆ ತಿಂಗಳಿಗೆ ಸುಮಾರು 1,300 ಡಾಲರ್ ಬೇಕಿತ್ತು. ಇದ್ದ ಔಷಧವನ್ನೇ ಎಳೆದಾಡಿಕೊಂಡು ದಿನ ದೂಡಿದ. ತಿಂಗಳು ತುಂಬುವ ಮೊದಲೇ ತೀರಿಕೊಂಡ. 2020ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲೇ ತುರ್ತು ಇನ್ಸುಲಿನ್ ಒದಗಿಸುವ ಕಾನೂನು ಮಾಡಿತು. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ.

ಯುವಜನರಿಗೆ ವಿಮೆ ಬೇಕು ಎಂಬುದಾಯಿತು. ವಿಮೆಗೆ ಯುವಜನರು ಬೇಕು ಎಂಬುದು ಇನ್ನೂ ಗಹನವಾದ ಲೆಕ್ಕ. ಅಮೆರಿಕದ ಒಟ್ಟು ವೈದ್ಯಕೀಯ ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಯಾವುದೇ ವರ್ಷದಲ್ಲಿ ಶೇ 5ರಷ್ಟು ಜನರ ಮೇಲೆ ಆಗುತ್ತದೆ. ಒಂದು ಕಾಲ್ಪನಿಕ ಗುಂಪು ನೋಡೋಣ. 100 ಮಂದಿ, 90 ಆರೋಗ್ಯವಂತರಿಗೆ ವರ್ಷಕ್ಕೆ ತಲಾ 1,000 ಡಾಲರ್ ಖರ್ಚು, 10 ರೋಗಿಗಳಿಗೆ ತಲಾ 1 ಲಕ್ಷ. ಎಲ್ಲರೂ ಸಮನಾಗಿ ಹಂಚಿಕೊಂಡರೆ ಕಂತು 10,900 ಡಾಲರ್. ಆರೋಗ್ಯವಂತರಲ್ಲಿ ಅರ್ಧ ಜನ ಇದು ದುಬಾರಿಯೆಂದು ಹೊರನಡೆದರೆ ಉಳಿದವರ ಕಂತು 19,000ಕ್ಕೆ ಜಿಗಿಯುತ್ತದೆ. ಅದನ್ನು ಕಂಡು ಉಳಿದ ಆರೋಗ್ಯವಂತರೂ ಎದ್ದು ಹೋದರೆ ಹತ್ತು ರೋಗಿಗಳು ತಲಾ 1 ಲಕ್ಷ ಕಟ್ಟಬೇಕು. ಅಂದರೆ ವಿಮೆ ಇದ್ದೂ ಇಲ್ಲದಂತೆ. ಅರ್ಥಶಾಸ್ತ್ರಜ್ಞರು ಇದನ್ನು ಸಾವಿನ ಸುಳಿ ಎನ್ನುತ್ತಾರೆ. ಕೊಳ್ಳುವವನಿಗೆ ಗೊತ್ತಿರುವುದು ಮಾರುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆ ಹೇಗೆ ಕುಸಿಯುತ್ತದೆಂದು ಜಾರ್ಜ್ ಆಕರ್ಲಾಫ್ 1970ರಲ್ಲೇ ವಿವರಿಸಿದ್ದರು. 2001ರಲ್ಲಿ ಅವರಿಗೆ ನೊಬೆಲ್ ಬಂತು.

ಇದು ಕಾಗದದ ಮೇಲಿನ ಭಯವಲ್ಲ. ರೋಗಿಗೂ ಆರೋಗ್ಯವಂತನಿಗೂ ಒಂದೇ ದರದಲ್ಲಿ ವಿಮೆ ಮಾರಬೇಕೆಂದು ನ್ಯೂಯಾರ್ಕ್ ರಾಜ್ಯ 1993ರಲ್ಲಿ ಕಾನೂನು ಜಾರಿಗೆ ತಂದಿತು. ಉದ್ದೇಶ ಉದಾತ್ತವೇ. ಆದರೆ ಆರೋಗ್ಯವಂತರು ಸೇರಲೇಬೇಕೆಂಬ ಕಟ್ಟಳೆಯೂ ಇಲ್ಲ, ಅವರನ್ನು ಸೆಳೆಯುವ ಸಹಾಯಧನವೂ ಇಲ್ಲ. ಇಪ್ಪತ್ತು ವರ್ಷಗಳ ಬಳಿಕ, ಎರಡು ಕೋಟಿಗೆ ಹತ್ತಿರ ಜನರಿದ್ದ ಆ ರಾಜ್ಯದಲ್ಲಿ ಸ್ವಂತವಾಗಿ ವಿಮೆ ಕೊಳ್ಳುತ್ತಿದ್ದವರು ಸುಮಾರು 17 ಸಾವಿರ ಮಂದಿ ಮಾತ್ರ.

ಒಬಾಮಕೇರ್ ಆದ್ದರಿಂದ ಮೂರನ್ನೂ ಹೆಣೆಯಿತು: ಹಳೆ ಕಾಯಿಲೆಯ ನೆಪದಲ್ಲಿ ಯಾರನ್ನೂ ನಿರಾಕರಿಸುವಂತಿಲ್ಲ, ವಿಮೆ ಇಲ್ಲದವರಿಗೆ ದಂಡ, ಕಡಿಮೆ ಆದಾಯದವರಿಗೆ ಸಹಾಯಧನ. ವಯಸ್ಸಾದವರಿಂದ ಯುವಕರ ದರದ ಮೂರು ಪಟ್ಟಿಗಿಂತ ಹೆಚ್ಚು ಕೇಳಬಾರದೆಂದೂ ಹೇಳಿತು. 60 ದಾಟಿದವರ ನಿಜವಾದ ಖರ್ಚು 20ರ ಹರೆಯದವರದ್ದಕ್ಕಿಂತ ಐದು ಪಟ್ಟಿನ ಹತ್ತಿರ ಇರುತ್ತದೆ. ಆ ವ್ಯತ್ಯಾಸವನ್ನು ತುಂಬುವವರು ಯುವಕರೇ. ಇದು ಅನ್ಯಾಯವೆಂದು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ: ವಿದ್ಯಾರ್ಥಿ ಸಾಲ ತೀರಿಸುತ್ತಿರುವವಳು ಮನೆ, ಉಳಿತಾಯ ಎರಡೂ ಇರುವ ಅರವತ್ತರವನ ಕಂತಿಗೆ ಏಕೆ ಕೈಜೋಡಿಸಬೇಕು? ಆದರೆ ಇವತ್ತಿನ 24ರವಳು ನಾಳೆ 60ಕ್ಕೆ ಬರುವವಳೇ. ಪಾಲು ಹೋಗುವುದು ಬಹುಮಟ್ಟಿಗೆ ತನ್ನದೇ ಮುಂದಿನ ವಯಸ್ಸಿಗೆ, ಕಾನೂನು ಅಲ್ಲಿಯವರೆಗೆ ಉಳಿದರೆ. ಆ ಷರತ್ತಿನ ಮೇಲೆ ಯುವಜನರು ಕಣ್ಣಿಟ್ಟಿರುವುದು ಸಹಜ.

2017ರ ಕೊನೆಗೆ ಸಂಸತ್ತು ದಂಡವನ್ನು ಸೊನ್ನೆಗಿಳಿಸಿತು. 2019ರಿಂದ ಅದು ಜಾರಿಗೆ ಬಂತು. ಸುಳಿ ಶುರುವಾಗುತ್ತದೆಂದು ಹಲವರು ಕಾದರು, ಆಗಲಿಲ್ಲ. ಜನರನ್ನು ಹಿಡಿದಿಟ್ಟದ್ದು ಬೆದರಿಕೆಗಿಂತ ಸಹಾಯಧನ. ಆ ಸಹಾಯಧನಕ್ಕೆ 2021ರಲ್ಲಿ ಸೇರಿಸಿದ್ದ ಹೆಚ್ಚುವರಿ ಪಾಲಿನ ಅವಧಿ 2025ರ ಕೊನೆಗೆ ಮುಗಿಯಿತು.

ಕರ್ನಾಟಕದಿಂದ ಹೋದ ವಿದ್ಯಾರ್ಥಿಗಳಿಗೂ ಈ ಲೆಕ್ಕ ಬೇಗನೆ ಪರಿಚಯವಾಗುತ್ತದೆ. ಓದುವಾಗ ಅನೇಕ ವಿಶ್ವವಿದ್ಯಾಲಯಗಳು ವಿಮೆಯನ್ನು ಕಡ್ಡಾಯ ಮಾಡಿ ಶುಲ್ಕದ ಜೊತೆಗೇ ವಸೂಲು ಮಾಡುತ್ತವೆ. ಪದವಿ ಮುಗಿದು, ವಿದ್ಯಾರ್ಥಿ ವೀಸಾದಲ್ಲೇ ಕೆಲಕಾಲ ದುಡಿಯಲು ಬಿಡುವ ಓಪಿಟಿಯಲ್ಲಿ ಕೆಲಸ ಹುಡುಕುವ ತಿಂಗಳುಗಳಲ್ಲಿ ಆ ವಿಮೆ ಮುಗಿದಿರುತ್ತದೆ, ಅಪ್ಪ ಅಮ್ಮನ ಪಾಲಿಸಿ ಸಾಗರದ ಈಚೆ ಇರುತ್ತದೆ.

ಅಮೆರಿಕದ ಕಾನೂನಿನಲ್ಲಿ ಮುಂದಿನ ಬದಲಾವಣೆ ಬಡವರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೈಡ್ ಯೋಜನೆಯದು. 2025ರ ಜುಲೈನಲ್ಲಿ ಸಹಿಯಾದ ಕಾನೂನಿನಂತೆ, ಒಬಾಮಕೇರ್ ವಿಸ್ತರಿಸಿದ ಮೆಡಿಕೈಡ್‌ನಲ್ಲಿರುವವರು, ವಿನಾಯಿತಿ ಪಡೆದವರನ್ನು ಬಿಟ್ಟು, 2027ರ ಆರಂಭದ ಹೊತ್ತಿಗೆ ತಿಂಗಳಿಗೆ 80 ಗಂಟೆ ದುಡಿದದ್ದಕ್ಕೋ ಓದಿದ್ದಕ್ಕೋ ಲೆಕ್ಕ ಕೊಡಬೇಕು. ಅರ್ಕನ್ಸಾಸ್ ರಾಜ್ಯ 2018ರಲ್ಲಿ ಇದನ್ನು ಮಾಡಿ ನೋಡಿತ್ತು. ಗಂಟೆಗಳನ್ನು ದಾಖಲಿಸುವ ಜಾಲತಾಣ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಮಂದಿ ವಿಮೆ ಕಳೆದುಕೊಂಡರು. ಉದ್ಯೋಗ ಹೆಚ್ಚಿದ ಗುರುತು ಸಂಶೋಧಕರಿಗೆ ಸಿಗಲಿಲ್ಲ. ಮೊದಲ ಸರದಿ 30ರಿಂದ 49ರವರದಾಗಿತ್ತು. ಇನ್ನೂ ಚಿಕ್ಕವರ ಸರದಿ ಬಂದದ್ದು 2019ರಲ್ಲಿ; ಅದೇ ವರ್ಷದ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಲಯ ಯೋಜನೆಯನ್ನೇ ನಿಲ್ಲಿಸಿತು. ಹೊಸ ಕಾನೂನಿನಲ್ಲಿ ಸರದಿಯಿಲ್ಲ. 19ರವರೂ 64ರವರೂ ಒಟ್ಟಿಗೇ ಒಳಗೆ.