ಎರೆಹೊಲದಲ್ಲಿ ಡಿಫರೆನ್ಷಿಯಲ್

ಕುಷ್ಟಗಿ ಸೀಮೆಯ ಹೊಲದಲ್ಲಿ ಸಾಲು ಮುಗಿಸಿ ಬದುವಿನ ಬಳಿ ಹೊರಳುವ ಟ್ರ್ಯಾಕ್ಟರ್‌ನ ಎರಡು ಹಿಂಗಾಲಿಗಳು ಒಂದೇ ದೂರ ಉರುಳುವುದಿಲ್ಲ. ಗಾಲಿಗಳ ನಡುವಿನ ಅಂತರ 1.4 ಮೀಟರ್ ಇದ್ದರೆ, ಗಾಡಿ ಪೂರ್ತಿ ಹಿಂದಿರುಗುವಷ್ಟರಲ್ಲಿ ಹೊರಗಿನ ಗಾಲಿ ಸುಮಾರು 4.4 ಮೀಟರ್ ಹೆಚ್ಚು ಉರುಳಬೇಕು. ಚಕ್ಕಡಿಗೆ ಇದು ತೊಡಕೇ ಅಲ್ಲ. ಅದನ್ನು ಎಳೆಯುವವು ಎತ್ತುಗಳು. ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಟ್ರ್ಯಾಕ್ಟರ್‌ನಲ್ಲಾದರೋ ಎಂಜಿನ್ನಿನ ಬಲ ಗಾಲಿಗಳಿಗೇ ಹೋಗಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಟೈರು ನೆಲ ಕೆರೆಯುತ್ತ ಜಾರಲೇಬೇಕು. ಈ ತೊಡಕಿಗೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೋರ್ 1820ರ ದಶಕದ ಕೊನೆಯಲ್ಲೇ, ಉಗಿಗಾಡಿಗಾಗಿ, ಡಿಫರೆನ್ಷಿಯಲ್ ಎಂಬ ಪರಿಹಾರ ರೂಪಿಸಿದ್ದ.

ಗೇರ್‌ಬಾಕ್ಸಿನಿಂದ ಬಂದ ಶಾಫ್ಟಿನ ತುದಿಯಲ್ಲಿ ಸಣ್ಣ ಪಿನಿಯನ್ ಇರುತ್ತದೆ. ಅದು ಅಡ್ಡ ನಿಂತ ದೊಡ್ಡ ಕ್ರೌನ್ ವ್ಹೀಲನ್ನು ತಿರುಗಿಸುತ್ತದೆ. ವೇಗ ಇಳಿದು ಎಳೆತದ ಬಲ ಏರುತ್ತದೆ. ಕ್ರೌನ್ ನೇರವಾಗಿ ಗಾಲಿಗೆ ಬಲ ಕೊಡುವುದಿಲ್ಲ ಎಂಬುದೇ ಇಲ್ಲಿನ ಗುಟ್ಟು. ಅದಕ್ಕೆ ಬೋಲ್ಟ್ ಹಾಕಿ ಬಿಗಿದ ಕೇಸ್ ಅದರೊಂದಿಗೇ ಸುತ್ತುತ್ತದೆ. ಕೇಸಿನೊಳಗೆ ಅಡ್ಡಪಿನ್ನಿನ ಮೇಲೆ ಎರಡೋ ನಾಲ್ಕೋ ಸ್ಟಾರ್ ಗೇರ್‌ಗಳು. ಅವುಗಳ ಎಡಬಲಕ್ಕೆ ಹಲ್ಲು ಕೂಡಿಸಿ ನಿಂತ ಎರಡು ಸನ್ ಗೇರ್‌ಗಳು. ಒಂದೊಂದು ಸನ್ ಗೇರ್‌ನಿಂದ ಒಂದೊಂದು ಗಾಲಿಗೆ ಶಾಫ್ಟ್ ಹೋಗುತ್ತದೆ.

ನೇರ ದಾರಿಯಲ್ಲಿ ಸ್ಟಾರ್ ಗೇರ್ ಪಿನ್ನಿನ ಮೇಲೆ ಹೊರಳದೆ, ಎರಡೂ ಸನ್ ಗೇರ್‌ಗಳನ್ನು ಒಟ್ಟಿಗೆ ಹೊತ್ತೊಯ್ಯುತ್ತದೆ. ತಿರುವಿನಲ್ಲಿ ಒಳಗಾಲಿ ನಿಧಾನವಾದ ಕೂಡಲೇ ಸ್ಟಾರ್ ಗೇರ್ ಪಿನ್ನಿನ ಮೇಲೆ ಹೊರಳತೊಡಗುತ್ತದೆ. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡುತ್ತದೆ. ಕೇಸ್ 100 ಸುತ್ತು ಸುತ್ತುವಾಗ ಒಳಗಿನ ಸನ್ ಗೇರ್ 90 ಸುತ್ತಿದರೆ ಹೊರಗಿನದು 110 ಸುತ್ತುತ್ತದೆ. ಎರಡರ ಮೊತ್ತ ಯಾವಾಗಲೂ ಕೇಸಿನ ಸುತ್ತಿನ ಇಮ್ಮಡಿ.

ವೇಗ ಹೀಗೆ ಹಂಚಿಹೋದರೂ ಬಲ ಮಾತ್ರ ಸಮನಾಗಿಯೇ ಉಳಿಯುತ್ತದೆ. ನಡುವೆ ಹಿಡಿದ ನೊಗದಂತೆ ಸ್ಟಾರ್ ಗೇರ್ ಎರಡೂ ತುದಿಗೆ ಒಂದೇ ಒತ್ತಡ ಕೊಡಬಲ್ಲದು. ಮಳೆ ಹಿಡಿದ ಎರೆಮಣ್ಣಿನಲ್ಲಿ ಇದೇ ಮುಳುವಾಗುತ್ತದೆ. ಒಂದು ಗಾಲಿ ಕೆಸರಿನಲ್ಲಿ ಹಿಡಿತ ತಪ್ಪಿದರೆ ಅದಕ್ಕೆ ಬೇಕಾಗುವ ಬಲ ತೀರಾ ಕಡಿಮೆ. ಗಟ್ಟಿ ನೆಲದ ಮೇಲಿರುವ ಗಾಲಿಗೂ ಅಷ್ಟೇ ದಕ್ಕುತ್ತದೆ. ಅದು ಅಲ್ಲೇ ನಿಲ್ಲುತ್ತದೆ, ಕೆಸರಿನದು ಇಮ್ಮಡಿ ವೇಗದಲ್ಲಿ ಗಿರಗಿರನೆ ತಿರುಗುತ್ತದೆ. ಆಗ ಎಕ್ಸಲೇಟರ್ ಒತ್ತಿ ಹಿಡಿಯುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಗಾಲಿ ಇನ್ನೂ ಹೂತುಹೋಗುತ್ತದೆ; ಸ್ಟಾರ್ ಗೇರ್ ಎಡೆಬಿಡದೆ ಹೊರಳಿ, ಪಿನ್ನು ಕಾದು ಸವೆಯುತ್ತದೆ.

ಟ್ರ್ಯಾಕ್ಟರ್‌ಗೆ ಎಡಬಲ ಬೇರೆ ಬೇರೆ ಬ್ರೇಕ್ ಇರುವುದರಿಂದ, ತಿರುಗುತ್ತಿರುವ ಗಾಲಿಯ ಬ್ರೇಕನ್ನು ತುಸುವೇ ಒತ್ತಿದರೆ ಆ ಕಡೆ ತಡೆ ಹುಟ್ಟಿ ಇನ್ನೊಂದಕ್ಕೂ ಬಲ ಸಿಗುತ್ತದೆ. ಇನ್ನೂ ನೆಚ್ಚಬಹುದಾದದ್ದು ಡಿಫರೆನ್ಷಿಯಲ್ ಲಾಕ್. ಅದರ ಪೆಡಲ್ ಒತ್ತಿದರೆ ಒಂದು ಸನ್ ಗೇರ್ ಕೇಸಿಗೇ ಕಚ್ಚಿಕೊಳ್ಳುತ್ತದೆ. ಸ್ಟಾರ್ ಗೇರ್ ಹೊರಳಲು ಎಡೆಯಿಲ್ಲದೆ ಎರಡೂ ಗಾಲಿ ಒಂದಾಗಿ ತಿರುಗುತ್ತವೆ, ಹಿಡಿತವಿರುವ ಗಾಲಿ ಗಾಡಿಯನ್ನು ಎತ್ತಿ ತರುತ್ತದೆ. ಲಾಕ್ ಹಾಕುವ ಮುನ್ನ ಗಾಲಿಯ ಓಟ ತಗ್ಗಿಸಬೇಕು. ವೇಗವಾಗಿ ತಿರುಗುವಾಗ ಹಾಕಿದರೆ ಹಲ್ಲು ಮುರಿಯಬಹುದು. ಕೆಸರು ದಾಟಿದ ಮೇಲೆ, ಹೊರಳುವ ಮೊದಲೇ, ಲಾಕ್ ಬಿಡಬೇಕು. ಬಿಡದಿದ್ದರೆ ಗಾಡಿ ನೇರಕ್ಕೇ ನುಗ್ಗುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಡಾಂಬರು ರಸ್ತೆಯಲ್ಲಿ ಇದು ಜೀವಕ್ಕೇ ಅಪಾಯ.

ತಿರುವಿನಲ್ಲಷ್ಟೇ ಕಟಕಟ ಸದ್ದು ಬಂದರೆ ಸ್ಟಾರ್ ಗೇರ್ ಅಥವಾ ಅದರ ಹಿಂದಿನ ವಾಷರ್ ಸವೆದಿರುವ ಸಾಧ್ಯತೆ ಹೆಚ್ಚು. ನೇರ ಓಟದಲ್ಲೂ ಗುಂಯ್‌ಗುಟ್ಟಿದರೆ ಕ್ರೌನ್–ಪಿನಿಯನ್ ಕಡೆ ನೋಡಬೇಕು. ಕಾರ್ಖಾನೆಯಲ್ಲಿ ಆ ಎರಡರ ಹಲ್ಲುಗಳನ್ನು ಒಂದಕ್ಕೊಂದು ಹೊಂದಿಸಿಯೇ ಕಳುಹಿಸಿರುತ್ತಾರೆ. ಹಾಗಾಗಿ ಒಂದು ಕೆಟ್ಟರೂ ಜೋಡಿಯನ್ನೇ ಬದಲಿಸಬೇಕು.