ವರ್ಷ ಕಳೆದ ಮೇಲೆ ರೋಗಿ ಹೇಗಿದ್ದಾನೆ?

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಮೂಸಿಸಿ ರೋಗಿಯ ಪ್ರಜ್ಞೆ ತಪ್ಪಿಸುವ ಕೆಲಸ ವೈದ್ಯ ವಿದ್ಯಾರ್ಥಿಗಳ ಪಾಲಿಗೆ ಬರುತ್ತಿತ್ತು. ಸರಿಯಾಗಿ ಹೇಳಿಕೊಡುವವರಿರಲಿಲ್ಲ. ಹಾರ್ವಿ ಕುಶಿಂಗ್ ಎಂಬ ವಿದ್ಯಾರ್ಥಿ ಈಥರ್ ಕೊಟ್ಟ ರೋಗಿಯೊಬ್ಬ ಸತ್ತೇಹೋದ. ಮುಂದೆ ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ಜಗತ್ತಿಗೇ ಹೆಸರಾದ ಕುಶಿಂಗ್, ಅಂದು ವೈದ್ಯಕೀಯವನ್ನೇ ಬಿಡುವ ಯೋಚನೆಯಲ್ಲಿದ್ದ. ಬಿಡಲಿಲ್ಲ. ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ ಜೊತೆ ಪಂದ್ಯ ಕಟ್ಟಿದ: ಯಾರು ಚೆನ್ನಾಗಿ ಈಥರ್ ಕೊಡುತ್ತಾರೋ ಅವರಿಗೆ ಇನ್ನೊಬ್ಬ ಊಟ ಹಾಕಿಸಬೇಕು.

ಪಂದ್ಯವೇನೋ ಸರಿ, ತೀರ್ಪು ಹೇಗೆ? ಇಬ್ಬರೂ ಶಸ್ತ್ರಚಿಕಿತ್ಸೆ ನಡೆಯುವಾಗಲೇ ರೋಗಿಯ ನಾಡಿ, ಉಸಿರಾಟಗಳನ್ನು ಕಾಗದದ ಮೇಲೆ ಗುರುತಿಸತೊಡಗಿದರು. ಇಂದು ಅರಿವಳಿಕೆ ತಜ್ಞರು ತುಂಬುವ ಚಾರ್ಟಿನ ಪೂರ್ವಜ ಅದು. ಕಾಡ್‌ಮನ್‌ಗೆ ಅಳೆಯುವ ಹುಚ್ಚು ಹತ್ತಿದ್ದು ಅಲ್ಲಿಂದ.

ಅವನು ಶಸ್ತ್ರವೈದ್ಯನಾದ ಮೇಲೆ ಕಂಡದ್ದು ಇಷ್ಟು: ಆಸ್ಪತ್ರೆಗಳು ಎಷ್ಟು ರೋಗಿಗಳು ಬಂದರು, ಎಷ್ಟು ಹಣ ಖರ್ಚಾಯಿತು ಎಂದು ವರ್ಷವರ್ಷವೂ ಲೆಕ್ಕ ಒಪ್ಪಿಸುತ್ತವೆ. ಬಂದವರು ಗುಣವಾದರೇ ಎಂಬ ಲೆಕ್ಕ ಮಾತ್ರ ಯಾರಲ್ಲೂ ಇಲ್ಲ. ಅವನು ಹೂಡಿದ ಉಪಾಯ ಬಲು ಸರಳ. ಪ್ರತಿ ರೋಗಿಗೊಂದು ಕಾರ್ಡು. ಅದರಲ್ಲಿ ರೋಗಲಕ್ಷಣ, ವೈದ್ಯರು ಏನೆಂದುಕೊಂಡರು, ಏನು ಮಾಡಿದರು, ಏನು ತೊಡಕಾಯಿತು ಎಂದು ಬರೆಯಬೇಕು. ವರ್ಷ ಕಳೆದ ಮೇಲೆ ರೋಗಿಯನ್ನು ಮತ್ತೆ ವಿಚಾರಿಸಿ ಫಲಿತಾಂಶ ತುಂಬಬೇಕು. ಗುಣವಾಗದಿದ್ದರೆ ಕಾರಣ ಯಾವುದು, ರೋಗವೋ ವೈದ್ಯನೋ, ಅದನ್ನೂ ಬರೆಯಬೇಕು. ಈ ಕೊನೆಯ ಸಾಲು ಯಾರಿಗೆ ಹಿಡಿಸೀತು?

ಅವನಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಬಡ್ತಿ ಸಿಗುತ್ತಿದ್ದುದು ಸೇವಾ ಹಿರಿತನದ ಮೇಲೆ. ಅದನ್ನು ಪ್ರತಿಭಟಿಸಿ ಕಾಡ್‌ಮನ್ 1914ರಲ್ಲಿ ರಾಜೀನಾಮೆ ಕೊಟ್ಟ. ಬೆನ್ನಲ್ಲೇ, ನನ್ನ ಫಲಿತಾಂಶ ಉಳಿದವರಿಗಿಂತ ಚೆನ್ನಾಗಿದೆ, ನನ್ನನ್ನೇ ಮುಖ್ಯ ಶಸ್ತ್ರವೈದ್ಯನನ್ನಾಗಿ ಮಾಡಿ ಎಂದು ಅರ್ಜಿ ಹಾಕಿದ. 1915ರ ಜನವರಿಯಲ್ಲಿ, ತಾನೇ ಅಧ್ಯಕ್ಷನಾಗಿದ್ದ ವೈದ್ಯರ ಸಂಘದ ವಿಭಾಗವೊಂದರ ಸಭೆಯಲ್ಲಿ ದೊಡ್ಡದೊಂದು ವ್ಯಂಗ್ಯಚಿತ್ರ ಬಿಚ್ಚಿದ. ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ ಬಾಸ್ಟನ್ನಿನ ಸಿರಿವಂತರ ಬಡಾವಣೆ. ಅದು ವೈದ್ಯರತ್ತ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿದೆ. ಚಿಕಿತ್ಸೆಯ ನಿಜ ಗೊತ್ತಾದರೆ ಈ ಹಕ್ಕಿ ಮೊಟ್ಟೆ ಕೊಡುವುದನ್ನು ನಿಲ್ಲಿಸೀತೇ ಎಂಬ ಚಿಂತೆ ಆಸ್ಪತ್ರೆಯ ಧರ್ಮದರ್ಶಿಗಳದು. ಸಭೆ ಕೆರಳಿತು. ಅಧ್ಯಕ್ಷ ಸ್ಥಾನ ಹೋಯಿತು, ಹಾರ್ವರ್ಡ್‌ನ ಬೋಧಕ ಹುದ್ದೆಯೂ ಹೋಯಿತು. ಜೊತೆಗಾರರನ್ನು ಒಲಿಸಿಕೊಳ್ಳುವ ಕಲೆ ಆ ಮನುಷ್ಯನಿಗೆ ಒಂದಿಷ್ಟೂ ಇರಲಿಲ್ಲ.

ಆದರೆ ಪರರಿಗೆ ಹೇಳಿದ್ದನ್ನು ತಾನು ಮಾಡಿ ತೋರಿಸಿದ. 1911ರಿಂದ 1916ರವರೆಗೆ ತನ್ನದೇ ಪುಟ್ಟ ಆಸ್ಪತ್ರೆ ನಡೆಸಿ, ಅಲ್ಲಿಂದ ಹೊರಹೋದ 337 ರೋಗಿಗಳ ವಿವರವನ್ನೂ ಅದರೊಳಗಿನ 123 ತಪ್ಪುಗಳನ್ನೂ ಅಚ್ಚು ಹಾಕಿಸಿದ. ಕೌಶಲದ ಕೊರತೆ, ವಿವೇಚನೆಯ ಕೊರತೆ, ರೋಗನಿದಾನದ ತಪ್ಪು ಎಂದು ವಿಂಗಡಣೆ ಬೇರೆ. ಇಂದಿಗೂ ಹೀಗೆ ಅಚ್ಚು ಹಾಕಿಸುವ ಆಸ್ಪತ್ರೆಯನ್ನು ನಾನಂತೂ ಕಾಣೆ.

ಅವನ ವಿಚಾರ ಬೇರೆ ದಾರಿಯಲ್ಲಿ ಬೆಳೆಯಿತು. 1910ರಲ್ಲಿ ಲಂಡನ್ನಿನ ಕುದುರೆಗಾಡಿಯೊಂದರಲ್ಲಿ ಫಿಲಡೆಲ್ಫಿಯಾದ ವೈದ್ಯ ಎಡ್ವರ್ಡ್ ಮಾರ್ಟಿನ್‌ಗೆ ಅವನು ಇದನ್ನೆಲ್ಲ ವಿವರಿಸಿದ್ದ. ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಎಂಬ ವೃತ್ತಿಸಂಘ 1913ರಲ್ಲಿ ಹುಟ್ಟುವುದರ ಹಿಂದೆ ಆ ಮಾತುಕತೆಯೂ ಇತ್ತು. ಕಾಲೇಜು 1918ರಲ್ಲಿ ನೂರಕ್ಕೂ ಹೆಚ್ಚು ಹಾಸಿಗೆಗಳ 692 ಆಸ್ಪತ್ರೆಗಳನ್ನು ತಪಾಸಣೆ ಮಾಡಿತು. ತೇರ್ಗಡೆಯಾದವು 89. ದೊಡ್ಡ ದೊಡ್ಡ ಹೆಸರುಗಳೇ ನಪಾಸು! ಪಟ್ಟಿ ಪತ್ರಿಕೆಗಳ ಕೈಗೆ ಸಿಗಬಾರದೆಂದು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನ ಕುಲುಮೆಯಲ್ಲಿ ಸುಟ್ಟರು.

ಪಟ್ಟಿ ಸುಟ್ಟರೂ ತಪಾಸಣೆ ನಿಲ್ಲಲಿಲ್ಲ ಎಂಬುದೇ ಸೋಜಿಗ. ಯಾಕೆಂದರೆ ಕಾಲೇಜು ಕೇಳಿದ್ದು ಕಡಿಮೆ: ದಾಖಲೆ ಇಡುತ್ತೀರಾ, ವೈದ್ಯರು ಸೇರಿ ಪ್ರಕರಣಗಳನ್ನು ಚರ್ಚಿಸುತ್ತೀರಾ, ಪ್ರಯೋಗಾಲಯ ಇದೆಯಾ. ರೋಗಿ ಗುಣವಾದನೇ ಎಂದು ಕೇಳಲಿಲ್ಲ. ಆಸ್ಪತ್ರೆಗಳು ನುಂಗಬಲ್ಲಷ್ಟನ್ನೇ ಅಳೆದದ್ದರಿಂದ ಆ ಅಳತೆ ಉಳಿಯಿತು. ಕಾಡ್‌ಮನ್‌ನ ಪ್ರಶ್ನೆ ಮಾತ್ರ ದಶಕಗಟ್ಟಲೆ ಬದಿಗೆ ಬಿತ್ತು. ಅವನು 1940ರಲ್ಲಿ ತೀರಿಕೊಂಡ. ಕಾಲೇಜಿನ ತಪಾಸಣೆಯ ಕೆಲಸವನ್ನು 1950ರ ದಶಕದ ಆರಂಭದಲ್ಲಿ ಜಂಟಿ ಆಯೋಗವೊಂದು ವಹಿಸಿಕೊಂಡಿತು. ಅಮೆರಿಕದ ಆಸ್ಪತ್ರೆಗಳಿಗೆ ಅದು ಇಂದಿಗೂ ಮಾನ್ಯತೆ ಕೊಡುತ್ತಿದೆ.